ಸಣ್ಣ ಗಾಯವೋ, ದೊಡ್ಡ ಗಾಯವೋ?

ನಿಮ್ಮ ಅಮ್ಮನವರಿಗೆ ಸೊಂಟದ ನಾಲ್ಕನೇ ಮಣಿ ಮುಂದಕ್ಕೆ ಜಾರಿದೆ ಎಂದಿದ್ದೀರಿ. ದೊಡ್ಡ ಗಾಯದ (ತೆರೆದ) ಮತ್ತು ಸಣ್ಣ ಗಾಯದ ಎರಡೂ ಆಪರೇಷನ್‌ಗಳಲ್ಲಿ ಒಳಗಿನ ಕೆಲಸ ಒಂದೇ: ನರದ ಮೇಲಿನ ಒತ್ತಡ ತೆಗೆದು, ಟೈಟಾನಿಯಂ ಸ್ಕ್ರೂ, ಸರಳು ಹಾಕಿ ಮಣಿಗಳನ್ನು ಹಿಡಿದು ನಿಲ್ಲಿಸುವುದು. ವ್ಯತ್ಯಾಸ ಇರುವುದು ದಾರಿಯಲ್ಲಿ. ತೆರೆದ ವಿಧಾನದಲ್ಲಿ ಬೆನ್ನಿನ ಸ್ನಾಯುವನ್ನು ಮೂಳೆಯಿಂದ ಬಿಡಿಸುತ್ತಾರೆ. ಇನ್ನೊಂದರಲ್ಲಿ ಸ್ನಾಯುವಿನ ಎಳೆಗಳ ನಡುವೆ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಸ್ಕ್ರೂ ಕೂರಿಸುತ್ತಾರೆ. ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಬರಬಹುದು. ಆದರೆ ಒಂದೆರಡು ವರ್ಷ ಕಳೆದ ಮೇಲೆ ನೋಡಿದರೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಬೆನ್ನು ತೀರಾ ಬಾಗಿದ್ದರೆ ತೆರೆದದ್ದೇ ಎಷ್ಟೋ ಸಲ ವಾಸಿ. ಗಾಯದ ಅಳತೆಗಿಂತ ಸರ್ಜನ್ನರ ಪಳಗಿದ ಕೈ ಮುಖ್ಯ. ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ಸಡಿಲವಾಗುವ ಭಯ ಹೆಚ್ಚು.