ಹಾರಲಾರದ ಹಕ್ಕಿಯ ಹೆಸರಿನ ರಾಕೆಟ್



ಹೋದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಏಳನೇ ತರಗತಿಯವರಿಗೆ ಲ್ಯಾಪ್‌ಟಾಪಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ತೋರಿಸಿದರು. ಮಾತು ನಮಗೆ ತಿಳಿಯುವುದಿಲ್ಲವೆಂದು ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದರು. ಸಿನಿಮಾದ ಹೆಸರು 'ಅಕ್ಟೋಬರ್ ಸ್ಕೈ'. ಅಂದರೆ ಅಕ್ಟೋಬರ್ ತಿಂಗಳ ಆಕಾಶ. ನೋಡದೇ ಇರುವ ಐದು, ಆರನೇ ತರಗತಿಯವರಿಗಾಗಿ ಈ ಪಾಠ ಬರೆದಿದ್ದೇನೆ. ಇದರಲ್ಲಿ ಕಥೆಯೂ ಇದೆ, ಲೆಕ್ಕವೂ ಇದೆ. ಲೆಕ್ಕ ಅಂದ ಕೂಡಲೇ ಪಕ್ಕದ ಹಾಳೆಗೆ ಓಡಬೇಡಿ!

ಕಥೆ

ಅಮೆರಿಕ ದೇಶದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಕೋಲ್‌ವುಡ್ ಎಂಬ ಊರಿದೆ. ಸುತ್ತಲೂ ಬೆಟ್ಟ, ನೆಲದೊಳಗೆ ಕಲ್ಲಿದ್ದಲು. ಆಗ ಊರಿನ ಮನೆಗಳೂ ಗಣಿ ಕಂಪನಿಯವೇ ಆಗಿದ್ದವು. ಗಂಡುಮಕ್ಕಳು ದೊಡ್ಡವರಾದರೆ ಗಣಿಗೆ ಇಳಿಯುವುದೇ ರೂಢಿ. ಹೋಮರ್ ಹಿಕಮ್ ಎಂಬ ಹುಡುಗನ ತಂದೆ ಆ ಗಣಿಯ ಮೇಲ್ವಿಚಾರಕರು.

1957ನೇ ಇಸವಿ ಅಕ್ಟೋಬರ್ 4ರಂದು ಆಗಿನ ಸೋವಿಯತ್ ಒಕ್ಕೂಟವು ಪ್ರಪಂಚದ ಮೊದಲನೇ ಕೃತಕ ಉಪಗ್ರಹವನ್ನು ಹಾರಿಸಿತು. ಅದರ ಹೆಸರು ಸ್ಪುಟ್ನಿಕ್. ತೂಕ ಸುಮಾರು 84 ಕಿಲೋ. ಚೆಂಡಿನಂತೆ ಗುಂಡಗೆ, ಅಡ್ಡಳತೆ 58 ಸೆಂಟಿಮೀಟರ್. ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಿತ್ತು. ಕೋಲ್‌ವುಡ್ಡಿನ ಜನ ರಾತ್ರಿ ಹೊರಗೆ ಬಂದು ನಿಂತು ಆಕಾಶ ನೋಡಿದರು. ಆಗ ಹೋಮರನಿಗೆ 14 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವನು. ನಾನೂ ರಾಕೆಟ್ ಮಾಡುತ್ತೇನೆ ಅಂದುಬಿಟ್ಟ. ಎಲ್ಲರೂ ನಕ್ಕರು. ಮೊದಲನೇ ರಾಕೆಟ್ ಹಾರಲೇ ಇಲ್ಲ, ಸಿಡಿದು ಅವನ ಅಮ್ಮನ ಬೇಲಿಯೇ ಮುರಿದುಹೋಯಿತು.

ಸಿನಿಮಾದಲ್ಲಿ ಅವನ ಜೊತೆಗೆ ಇನ್ನು ಮೂರು ಜನ ಹುಡುಗರು ಸೇರುತ್ತಾರೆ. ತಮ್ಮ ರಾಕೆಟ್‌ಗಳಿಗೆ 'ಆಕ್' ಎಂದು ಹೆಸರಿಡುತ್ತಾರೆ. ಆಕ್ ಅಂದರೆ ಒಂದು ಕಡಲ ಹಕ್ಕಿ. ಗ್ರೇಟ್ ಆಕ್ ಎಂಬ ಜಾತಿಗೆ ರೆಕ್ಕೆ ಇದ್ದರೂ ಹಾರಲು ಬರುತ್ತಿರಲಿಲ್ಲ. ಜನ ಬೇಟೆಯಾಡಿ 19ನೇ ಶತಮಾನದಲ್ಲಿ ಆ ಜಾತಿಯೇ ಅಳಿದುಹೋಯಿತು. ಹಾರದ ಹಕ್ಕಿಯ ಹೆಸರನ್ನು ರಾಕೆಟ್‌ಗೆ ಇಟ್ಟರಲ್ಲ, ಎಂಥ ಧೈರ್ಯ!

ಕಂಪನಿಯ ಜಾಗದಲ್ಲಿ ರಾಕೆಟ್ ಹಾರಿಸಬಾರದು ಎಂದು ತಂದೆ ಗದರಿಸುತ್ತಾರೆ. ಹುಡುಗರು ಮೈಲಿಗಟ್ಟಲೆ ನಡೆದು ಊರಾಚೆ ಜಾಗ ಮಾಡಿಕೊಳ್ಳುತ್ತಾರೆ. ಮೂತಿಯ ಕಬ್ಬಿಣ ಬಿಸಿಗೆ ಕರಗುತ್ತದೆ. ಆಗ ಒಳ್ಳೆಯ ಉಕ್ಕು ಬೇಕು ಅಂತ ತಿಳಿದು ಗುಜರಿ ಮಾರಿ ದುಡ್ಡು ಹೊಂದಿಸುತ್ತಾರೆ. ಗಣಿಯ ವರ್ಕ್‌ಷಾಪಿನ ಕೆಲಸಗಾರರು ಬೆಸುಗೆ ಹಾಕಿಕೊಡುತ್ತಾರೆ. ಫ್ರೀಡಾ ರೈಲಿ ಎಂಬ ಟೀಚರ್ ರಾಕೆಟ್ ವಿಜ್ಞಾನದ ಒಂದು ದಪ್ಪ ಪುಸ್ತಕವನ್ನೇ ತರಿಸಿಕೊಡುತ್ತಾರೆ.

ರಾಕೆಟ್ ಹೇಗೆ ಹಾರುತ್ತದೆ?

ಬಲೂನಿಗೆ ಗಾಳಿ ತುಂಬಿ ಬಾಯಿ ಕಟ್ಟದೆ ಬಿಟ್ಟುಬಿಡಿ. ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ಓಡುತ್ತದೆ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ ವಿರುದ್ಧ ಪ್ರತಿಕ್ರಿಯೆ ಇರುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ರಾಕೆಟ್‌ನಲ್ಲಿ ಇಂಧನ ಉರಿದು ಬಿಸಿ ಅನಿಲವಾಗಿ ಕೆಳಗಿನ ಮೂತಿಯಿಂದ ರಭಸವಾಗಿ ಹೊರಗೆ ಬರುತ್ತದೆ, ರಾಕೆಟ್ ಮೇಲಕ್ಕೆ ಏರುತ್ತದೆ. ಮೂತಿಯ ನಡು ಸಣ್ಣಗಿದ್ದು ಕೊನೆ ಅಗಲವಾಗಿರುತ್ತದೆ. ಆ ಆಕಾರದಿಂದ ಅನಿಲದ ವೇಗ ಹೆಚ್ಚುತ್ತದೆ. (ಮೇಷ್ಟ್ರು ಹೇಳಿದ ಎಚ್ಚರಿಕೆ: ಪಟಾಕಿ ಮದ್ದಿನಿಂದ ಯಾರೂ ಇದನ್ನು ಮಾಡಕೂಡದು. ಬಲೂನು ಸಾಕು.)

ಲೆಕ್ಕ

ಒಂದು ದಿನ ಕಾಡಿಗೆ ಬೆಂಕಿ ಬೀಳುತ್ತದೆ. ಈ ಹುಡುಗರ ರಾಕೆಟ್‌ನಿಂದಲೇ ಬಿತ್ತು ಎಂದು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಗಣಿಯಲ್ಲಿ ಅಪಘಾತವಾಗಿ ತಂದೆಗೆ ಪೆಟ್ಟಾಗುತ್ತದೆ. ಮನೆ ನಡೆಯಬೇಕಲ್ಲ, ಹೋಮರ್ ಶಾಲೆ ಬಿಟ್ಟು ಗಣಿಗೆ ಇಳಿಯುತ್ತಾನೆ. ಇಲ್ಲಿ ನಮ್ಮ ತರಗತಿಯ ಹುಡುಗಿಯರೆಲ್ಲ ಅತ್ತರು. ಹುಡುಗರೂ ಅತ್ತರು, ಆದರೆ ಕಣ್ಣಿಗೆ ಧೂಳು ಬಿತ್ತು ಅಂದರು.

ಹಗಲೆಲ್ಲ ಗಣಿ ಕೆಲಸ, ರಾತ್ರಿ ಟೀಚರ್ ಕೊಟ್ಟ ಪುಸ್ತಕ. ಕಳೆದುಹೋದ ಒಂದು ರಾಕೆಟ್ ಎಲ್ಲಿ ಬಿದ್ದಿರಬೇಕು ಎಂದು ಅವನು ಲೆಕ್ಕ ಹಾಕುತ್ತಾನೆ. ಅದು ಮೇಲಿನಿಂದ ಬೀಳಲು ಸುಮಾರು 14 ಸೆಕೆಂಡು ಹಿಡಿದಿತ್ತು. ಬೀಳುವ ವಸ್ತುವಿನ ಎತ್ತರ ತಿಳಿಯಲು ಸೆಕೆಂಡನ್ನು ಸೆಕೆಂಡಿನಿಂದಲೇ ಗುಣಿಸಿ, ಬಂದದ್ದನ್ನು 16ರಿಂದ ಗುಣಿಸಬೇಕು. ಉತ್ತರ ಅಡಿಗಳಲ್ಲಿ ಬರುತ್ತದೆ.

14 × 14 = 196
196 × 16 = 3136

ಗಾಳಿ ತಡೆಯುವುದರಿಂದ ಇದು ಅಂದಾಜು. ಸುಮಾರು 3000 ಅಡಿ ಅನ್ನೋಣ. ಆಮೇಲೆ ರಾಕೆಟ್ ಹೋದ ಕೋನ, ಗಾಳಿಯ ವೇಗ ಎರಡನ್ನೂ ಸೇರಿಸಿ ಬಿದ್ದ ಜಾಗ ಗುರುತಿಸುತ್ತಾನೆ. ಗೆಳೆಯನ ಜೊತೆ ಹೋಗಿ ಹುಡುಕಿದರೆ ಅಲ್ಲೇ ಸಿಗುತ್ತದೆ! ಬೆಂಕಿ ಹತ್ತಿದ ಜಾಗವೇ ಬೇರೆ. ಪೊಲೀಸರಿಗೆ ಸಿಕ್ಕಿದ್ದು ವಿಮಾನದವರು ಗುರುತಿಗೆ ಬಿಡುವ ಬೆಂಕಿಬತ್ತಿ. ಅವನು ಕೂಗಾಡಲಿಲ್ಲ, ಬೇಡಿಕೊಳ್ಳಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದ. ನನಗೆ ಇಡೀ ಸಿನಿಮಾದಲ್ಲಿ ಇಷ್ಟವಾದದ್ದು ಇದೇ.

ಸಿನಿಮಾ ಎಷ್ಟು, ನಿಜ ಎಷ್ಟು?

ಹೋಮರ್ ಹಿಕಮ್ ನಿಜವಾದ ವ್ಯಕ್ತಿ. ಅವರು 1998ರಲ್ಲಿ 'ರಾಕೆಟ್ ಬಾಯ್ಸ್' ಎಂಬ ಪುಸ್ತಕ ಬರೆದರು. ಅದರಿಂದ ಜೋ ಜಾನ್‌ಸ್ಟನ್ ಎಂಬ ನಿರ್ದೇಶಕರು 1999ರಲ್ಲಿ ಸಿನಿಮಾ ಮಾಡಿದರು. ಇಂಗ್ಲಿಷಿನಲ್ಲಿ ಪುಸ್ತಕದ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿದರೆ ಸಿನಿಮಾದ ಹೆಸರು ಬರುತ್ತದೆ. ಬರೆದು ನೋಡಿ. ನಿಜವಾಗಿ ಆ ಗುಂಪಿನಲ್ಲಿ ಆರು ಹುಡುಗರಿದ್ದರು. ಹೋಮರ್ ನಿಜವಾಗಿ ಶಾಲೆ ಬಿಟ್ಟಿರಲಿಲ್ಲ, ಅದು ಸಿನಿಮಾದವರು ಸೇರಿಸಿದ್ದು. ಆದರೆ 1960ರಲ್ಲಿ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಬಂದದ್ದು ನಿಜ. ಆ ವರ್ಷದ ಕೊನೇ ರಾಕೆಟ್ ಸುಮಾರು 6 ಮೈಲಿ ಎತ್ತರ ಹೋಯಿತು. ಮುಂದೆ ಅವರು ನಾಸಾ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿ ಗಗನಯಾತ್ರಿಗಳಿಗೆ ತರಬೇತಿ ಕೊಟ್ಟರು. ರೈಲಿ ಟೀಚರ್ ಕಾಯಿಲೆಯಿಂದ 1969ರಲ್ಲಿ ತೀರಿಕೊಂಡರು, 31ನೇ ವಯಸ್ಸಿನಲ್ಲಿ.

ಸಿನಿಮಾದ ಕೊನೆಯಲ್ಲಿ, ಒಂದು ಸಲವೂ ನೋಡಲು ಬಾರದ ತಂದೆ ಬರುತ್ತಾರೆ. ಗುಂಡಿ ಒತ್ತಲು ಮಗ ತಂದೆಯನ್ನೇ ಕರೆಯುತ್ತಾನೆ. ರಾಕೆಟ್ ಏರುವಾಗ ತಂದೆಯ ಕೈ ಮಗನ ಹೆಗಲ ಮೇಲಿರುತ್ತದೆ.

ನಮ್ಮ ಬಾವಿ

ನಮ್ಮ ಶಾಲೆಯಲ್ಲಿ ಏಳನೇ ತರಗತಿವರೆಗೆ ಮಾತ್ರ ಇದೆ. ಹೈಸ್ಕೂಲಿಗೆ ಆರು ಕಿಲೋಮೀಟರ್ ಹೋಗಬೇಕು. ನಮ್ಮಕ್ಕ ಏಳಕ್ಕೇ ಬಿಟ್ಟಳು. ನನಗೆ ವಿಜ್ಞಾನದ ಟೀಚರ್ ಆಗಬೇಕು ಅಂತ ಆಸೆ. ಅಪ್ಪನಿಗೆ ಹೇಳಿದರೆ "ಆಗೋ ಮಾತಾಡವ್ವಾ" ಅಂದರು. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

ಸಿನಿಮಾ ನೋಡಿ ಬಂದ ಸಂಜೆ ಅಪ್ಪ ತೋಟದ ಬಾವಿ ಹತ್ತಿರ ಇದ್ದರು. "ಅಪ್ಪಾ, ನೀರು ಎಷ್ಟು ಕೆಳಗಿದೆ ಅಂತ ಹಗ್ಗ ಇಲ್ಲದೆ ಹೇಳಲಾ?" ಅಂದೆ. ಅಣ್ಣ ಮೊಬೈಲಿನಲ್ಲಿ ಸೆಕೆಂಡು ನೋಡಿದ. ನಾನು ಕಲ್ಲು ಬಿಟ್ಟೆ. ಮೂರು ಸಲ ಬಿಟ್ಟು ಸರಾಸರಿ ತೆಗೆದರೆ ಒಂದೂವರೆ ಸೆಕೆಂಡು ಬಂತು.

1.5 × 1.5 = 2.25
2.25 × 16 = 36 ಅಡಿ

ಆರು ಅಡಿಗೆ ಒಂದು ಮಾರು. "ಆರು ಮಾರು ಅಪ್ಪಾ" ಅಂದೆ. ಅಪ್ಪ ಕೊಡ ಕಟ್ಟಿ ಹಗ್ಗ ಇಳಿಬಿಟ್ಟು, ಕೈಯಗಲಿಸಿ ಅಳೆದರು. ಆರು ಮಾರಿಗೆ ಒಂದು ಮೊಳ ಕಮ್ಮಿ ಬಂತು. ಗುಂಡಿ ಒತ್ತುವಾಗ ಸ್ವಲ್ಪ ತಡವಾದರೂ ಇಷ್ಟು ವ್ಯತ್ಯಾಸ ಬರುತ್ತದೆ ಎಂದು ಮೇಷ್ಟ್ರು ಆಮೇಲೆ ತಿಳಿಸಿದರು.

ಅಪ್ಪ ಏನೂ ಹೇಳಲಿಲ್ಲ. ಹಗ್ಗ ಸುತ್ತಿಟ್ಟು ಒಂದು ಕಲ್ಲು ಹುಡುಕಿ ತಂದು, "ಈ ಸಲ ನಾನು ಬಿಡ್ತೀನಿ, ನೀನು ಲೆಕ್ಕ ಹಾಕು" ಅಂದರು. ಹೈಸ್ಕೂಲಿನ ಮಾತು ಇನ್ನೂ ಇತ್ಯರ್ಥ ಆಗಿಲ್ಲ. ಆದರೆ ನಿನ್ನೆ, ಅಲ್ಲಿಗೆ ಬಸ್ಸು ಎಷ್ಟು ಗಂಟೆಗೆ ಅಂತ ಅಣ್ಣನನ್ನು ಕೇಳುತ್ತಿದ್ದರು.

ನಾನು ಕಲಿತದ್ದು: ದೊಡ್ಡ ಆಸೆ ಇದ್ದರೆ ಬರೀ ಬಾಯಲ್ಲಿ ಹೇಳಬಾರದು. ಸಣ್ಣದೊಂದನ್ನು ಮಾಡಿ ತೋರಿಸಬೇಕು. ನಗುವವರೂ ಬೇಡ ಅನ್ನುವವರೂ ಆಮೇಲೆ ಕೈ ಹಚ್ಚುತ್ತಾರೆ.

ಪ್ರಶ್ನೆಗಳು

1. ಬಾವಿಗೆ ಬಿಟ್ಟ ಕಲ್ಲು 2 ಸೆಕೆಂಡಿಗೆ ನೀರು ಮುಟ್ಟಿದರೆ ನೀರು ಎಷ್ಟು ಅಡಿ ಕೆಳಗಿದೆ?
2. ಬಲೂನಿನ ಬಾಯಿ ಕೆಳಗಿದ್ದರೆ ಬಲೂನು ಯಾವ ಕಡೆ ಹೋಗುತ್ತದೆ? ಯಾಕೆ?
3. ನಿಮ್ಮ ಆಸೆ ಏನು? ಈ ವಾರ ಅದಕ್ಕಾಗಿ ಯಾವ ಸಣ್ಣ ಕೆಲಸ ಮಾಡಬಲ್ಲಿರಿ?

ಉತ್ತರ ಬರೆದು ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ. ಬಾವಿ ಹತ್ತಿರ ಹೋಗುವಾಗ ದೊಡ್ಡವರನ್ನು ಕರೆದುಕೊಂಡೇ ಹೋಗಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ