ಇಂದಿನ ಧಮ್ಮ ಚಿಂತನೆ: ಮೂರು ಬಗೆಯ ರೋಗಿಗಳು



ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ ಗಿಲಾನ ಸುತ್ತ ಎಂಬ ಪುಟ್ಟ ಸುತ್ತವಿದೆ. ಗಿಲಾನ ಅಂದರೆ ರೋಗಿ. (ನಾವು ಬಳಸುವ 'ಗ್ಲಾನಿ' ಕೂಡ ಅದೇ ಬೇರಿನದು.) ಮದ್ದು, ಪಥ್ಯ, ಆರೈಕೆ ಸಿಗದಿದ್ದರೂ ಗುಣವಾಗುವವರು ಒಂದು ಬಗೆ. ಎಲ್ಲವೂ ಸಿಕ್ಕರೂ ಗುಣವಾಗದವರು ಇನ್ನೊಂದು. ಸಿಕ್ಕರೆ ಮಾತ್ರ ಗುಣವಾಗುವವರು ಮೂರನೆಯವರು. ಆರೈಕೆಯ ಏರ್ಪಾಡು ಈ ಮೂರನೆಯವರಿಗಾಗಿಯೇ. ಆದರೆ ಅವರ ಕಾರಣದಿಂದ ಉಳಿದಿಬ್ಬರನ್ನೂ ನೋಡಿಕೊಳ್ಳಬೇಕು ಎನ್ನುತ್ತಾರೆ ಭಗವಾನರು.

ಮಗು ಐಸಿಯುನಲ್ಲಿದ್ದಾಗ ತಂದೆಯೊಬ್ಬರು ನನ್ನನ್ನು ಕೇಳಿದ್ದರು: "ಮೇಷ್ಟ್ರೇ, ವೆಂಟಿಲೇಟರ್ ತೆಗೀರಿ ಅಂದ್ರೆ ನಾವೇ ಕೊಂದ ಹಾಗಲ್ವಾ?"

ಈ ಸುತ್ತವನ್ನೇ ಹೇಳಿದೆ. ಮಗು ಯಾವ ಬಗೆಯದು ಎಂದು ಮೊದಲು ಡಾಕ್ಟರನ್ನು ಕೇಳಿ. ಇಂಗ್ಲಿಷ್ ಫಾರಂ ಕೊಟ್ಟರೆ ಕನ್ನಡದಲ್ಲಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಎರಡನೆಯ ಬಗೆಯಾದರೆ ಯಂತ್ರ ಎಳೆಯುವುದು ಜೀವವನ್ನಲ್ಲ, ನೋವನ್ನು. ಅದನ್ನು ತೆಗೆಯುವುದು ಕೊಲೆಯಲ್ಲ. 2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ಕೊಟ್ಟಿದೆ, 2023ರಲ್ಲಿ ನಿಯಮ ಸರಳಗೊಳಿಸಿದೆ. ಎರಡು ವೈದ್ಯರ ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು. ತಂದೆತಾಯಿ ಒಬ್ಬರೇ ಹೊರುವ ಹೊರೆ ಅದಲ್ಲ. ಸಾಯುವ ಇಂಜೆಕ್ಷನ್ ಕೊಡುವುದು ಮಾತ್ರ ಇಂದಿಗೂ ಅಪರಾಧ.

ನನ್ನನ್ನು ಕಾಡುವುದು ಮೂರನೆಯ ಬಗೆಯ ಮಗು. ಚಿಕಿತ್ಸೆ ಸಿಕ್ಕರೆ ಬದುಕುತ್ತದೆ, ಆದರೆ ದುಡ್ಡಿಲ್ಲ. ನಮ್ಮ ಕೇರಿಗಳಲ್ಲಿ ಎಷ್ಟೋ ಮಕ್ಕಳನ್ನು ಹೀಗೆ ಮನೆಗೆ ಕರೆತಂದು "ದೇವರ ಇಚ್ಛೆ" ಅಂದುಬಿಡುತ್ತೇವೆ. ಅದು ಇಚ್ಛೆಯಲ್ಲ, ಬಡತನ. ಹಾಗೆಂದೇ ಹೆಸರಿಡೋಣ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಡಿಸ್ಚಾರ್ಜ್ ಕೇಳುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಸಂಘದವರೊಬ್ಬರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು. ಅಳುತ್ತಿರುವ ತಾಯಿ ಕೌಂಟರಿನಿಂದ ಕೌಂಟರಿಗೆ ಅಲೆಯಲಾರಳು.

ಆ ತಾಯಿಯ ಮುಂದೆ "ಹಿಂದಿನ ಜನ್ಮದ ಕರ್ಮ" ಅನ್ನಬೇಡಿ. ಬಾಬಾಸಾಹೇಬರು ನಾಲ್ಕು ಮಕ್ಕಳನ್ನು ಕಳೆದುಕೊಂಡವರು. ಕೊನೆಯವನು ರಾಜರತ್ನ, 1926ರಲ್ಲಿ. ಆದರೂ ಆ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ.

ಯಂತ್ರ ತೆಗೆದ ಮೇಲೂ ಕೆಲಸ ಉಳಿದಿರುತ್ತದೆ. ನೋವಿನ ಮದ್ದು ನಿಲ್ಲಬಾರದು, ಒಣಗಿದ ತುಟಿ ಒದ್ದೆ ಮಾಡಬೇಕು, ತಾಯಿಯ ಮಡಿಲಿಗೆ ಮಗುವನ್ನು ಕೊಡಿ ಎಂದು ಕೇಳಬೇಕು. ಒಳ್ಳೆಯ ಆರೈಕೆ ಮಾಡುವವರಿಗೆ ಇರಬೇಕಾದ ಐದು ಗುಣಗಳನ್ನು ಮಹಾವಗ್ಗ ಹೇಳುತ್ತದೆ. ವಾಂತಿ, ಮಲಮೂತ್ರಕ್ಕೆ ಅಸಹ್ಯಪಡದಿರುವುದು ಅದರಲ್ಲೊಂದು. ಉಳಿದ ನಾಲ್ಕನ್ನು ನಾಳೆ ಓದೋಣ.

ಭವತು ಸಬ್ಬ ಮಂಗಲಂ.