ಟ್ರೈಕೋಡರ್ಮಾ ರಾಶಿ ದೊಡ್ಡದಾದಷ್ಟೂ ಲಾಭವೇ?



ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಯ ಬುಡಕ್ಕೆ ಟ್ರೈಕೋಡರ್ಮಾ ಬೆಳೆಸಿದ ಗೊಬ್ಬರ ಹಾಕುವ ರೂಢಿ ನಮ್ಮಲ್ಲಿದೆ. ಒಂದು ಕ್ವಿಂಟಾಲ್ ರಾಶಿಯಲ್ಲಿ ಚೆನ್ನಾಗಿ ಹಬ್ಬುವ ಈ ಶಿಲೀಂಧ್ರ, ಎಂಟು ಕ್ವಿಂಟಾಲನ್ನು ಒಂದೇ ಗುಡ್ಡೆ ಮಾಡಿದರೆ ಏಕೆ ಸೋಲುತ್ತದೆ? ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯವರಿಗೂ ಎದುರಾದದ್ದು ಇದೇ ಪ್ರಶ್ನೆ.

ಕಿರಣ್ ಮಜುಂದಾರ್ ಅವರು 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಮೊದಲ ಸರಕುಗಳಲ್ಲೊಂದು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ. ಮುಂದೆ ಶಿಲೀಂಧ್ರವನ್ನೇ ಬೆಳೆಸಿ ಕಿಣ್ವ ತೆಗೆಯುವ ಘನ ಮಾಧ್ಯಮ ಹುದುಗುವಿಕೆಯ ವಿಧಾನವನ್ನು ಸಂಸ್ಥೆ ರೂಪಿಸಿಕೊಂಡಿತು. 1990ರಲ್ಲಿ ಅದನ್ನು ಪ್ರಾಯೋಗಿಕ ಹಂತದಿಂದ ಕಾರ್ಖಾನೆ ಹಂತಕ್ಕೆ ಏರಿಸಿತು.

ಈ ಏರಿಕೆಯಲ್ಲೇ ಕಷ್ಟವಿರುವುದು. ಬೆಳೆಯುವ ಶಿಲೀಂಧ್ರ ಉಸಿರಾಡುತ್ತದೆ, ಶಾಖ ಹೊರಹಾಕುತ್ತದೆ. ರಾಶಿಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ಶಾಖ ಹೊರಹೋಗುವ ಮೇಲ್ಮೈ ಮಾತ್ರ ನಾಲ್ಕೇ ಪಟ್ಟು. ಒಳಗಿನ ಶಿಲೀಂಧ್ರ ಗಾಳಿಯಿಲ್ಲದೆ, ಬಿಸಿ ತಾಳದೆ ಸಾಯುತ್ತದೆ. ಆ ಜಾಗವನ್ನು ಬೇರೆ ಜೀವಿಗಳು ಹಿಡಿಯುತ್ತವೆ. ಕಾರ್ಖಾನೆಗಳಲ್ಲಿ ತೆಳುವಾಗಿ ಹರಡಿದ ತಟ್ಟೆಗಳು, ಊದುವ ಗಾಳಿ, ತಣ್ಣೀರು ಹರಿಯುವ ಫಲಕಗಳು ಇರುವುದು ಇದಕ್ಕಾಗಿಯೇ. ಈ ಸಂಸ್ಥೆಯ ‘ಪ್ಲಾಫ್ರಾಕ್ಟರ್’ ಯಂತ್ರಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ನಮ್ಮಲ್ಲಿ ಅಂಥ ಯಂತ್ರವಿಲ್ಲ. ಆದರೆ ಅದು ಮಾಡುವ ಕೆಲಸವನ್ನು ಕೈಯಿಂದಲೇ ಮಾಡಬಹುದು.

1. 90 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, 1ರಿಂದ 2 ಕಿಲೋ ಟ್ರೈಕೋಡರ್ಮಾ ಬೆರೆಸಿರಿ. ಹಸಿ ಸಗಣಿ ಬೇಡ, ಅದು ತಾನೇ ಕಾಯುತ್ತದೆ.

2. ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.

3. ನೆರಳಿನಲ್ಲಿ, ಮೊಣಕಾಲೆತ್ತರ ಮೀರದಂತೆ ಹರಡಿ, ಒದ್ದೆ ಗೋಣಿತಾಟು ಹೊದಿಸಿರಿ. ಹೆಚ್ಚು ಬೇಕಾದರೆ ರಾಶಿಗಳ ಸಂಖ್ಯೆ ಹೆಚ್ಚಿಸಿರಿ, ಎತ್ತರವನ್ನಲ್ಲ.

4. ವಾರಕ್ಕೊಮ್ಮೆ ಮಗುಚಿರಿ. ಒಳಗೆ ಕೈಯಿಟ್ಟಾಗ ಬಿಸಿ ತಾಗಿದರೆ ಕೂಡಲೇ ಹರಡಿರಿ. ಹದಿನೈದು-ಇಪ್ಪತ್ತು ದಿನಗಳಲ್ಲಿ ಹಸಿರು ಬೂಷ್ಟು ಕಾಣಬೇಕು.

5. ಬೋರ್ಡೋ ದ್ರಾವಣದೊಂದಿಗೆ ಬೆರೆಸಬೇಡಿರಿ. ಅದರಲ್ಲಿರುವ ತಾಮ್ರ ರೋಗದ ಶಿಲೀಂಧ್ರವನ್ನೂ ನಮ್ಮ ಶಿಲೀಂಧ್ರವನ್ನೂ ಒಂದೇ ಸಮ ಹೊಡೆಯುತ್ತದೆ.

ಪೊಟ್ಟಣ ಕೊಳ್ಳುವಾಗ ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿರಿ. ಬಿಸಿಲಿಗೆ ಕಾದ ಪೊಟ್ಟಣ ಬೇಡ.

ಸತ್ತ ರಾಶಿಯನ್ನು ಬುಡಕ್ಕೆ ಹಾಕಿ ಧೈರ್ಯವಾಗಿರುವುದು, ಏನೂ ಹಾಕದಿರುವುದಕ್ಕಿಂತ ಅಪಾಯ. ಸೊರಗು ರೋಗ ಬಳ್ಳಿ ಹಿಡಿದ ಮೇಲೆ ಆ ಬಳ್ಳಿ ಮರಳಿ ಬರುವುದು ಅಪರೂಪ. ಹಾಕುವ ಮುನ್ನ ರಾಶಿ ಜೀವಂತವಾಗಿದೆಯೇ ಎಂದು ನೋಡುವುದು ನಮ್ಮೆಲ್ಲರ ಕೆಲಸ.